ಬಟ್ಟಲು ಹಾಯದ ಕಿಟಕಿ

ಸಂಕೇಶ್ವರದ ವೆಲ್ಡಿಂಗ್ ಕಾಕಾ ಕಿಟಕಿಗೆ ಸರಳು ಕೂಡಿಸಲು ಬಂದರೆ ಮೊದಲು ಟೇಪು ಹಿಡಿಯುತ್ತಿರಲಿಲ್ಲ. ಕಪ್ಪು ಕನ್ನಡಕವನ್ನು ಹಣೆಗೇರಿಸಿ, "ಅಡಗಿಮನ್ಯಾಗಿಂದ ಒಂದ್ ಬಟ್ಟಲಾ ತರ್ರಿ" ಎನ್ನುತ್ತಿದ್ದರು. ಪಕ್ಕದ ಮನೆಯತ್ತ ತೆರೆಯುವ ಕಿಟಕಿಯಾದರೆ ಸರಳುಗಳ ನಡುವೆ ಆ ಬಟ್ಟಲು ಹಾಯಲೇಬೇಕು. "ಕಳ್ಳ ಹಾಯಬಾರದು, ಪಲ್ಯಾ ಹಾಯಬೇಕ್ರಿ."

ನಮ್ಮ ಓಣಿಯಲ್ಲಿ ಒಂದು ಮನೆ ಕಳವಾದ ವಾರವೇ ಅವರನ್ನು ಕರೆಸಿದ್ದೆ. ನನ್ನ ತಲೆಯಲ್ಲಿ ಕಳ್ಳನೇ ತುಂಬಿದ್ದ. ಹೆಂಡತಿ ಬಟ್ಟಲು ತಂದರೆ ರೇಗಿದೆ: "ಬಟ್ಟಲಾ ಗಿಟ್ಟಲಾ ಬ್ಯಾಡ್ರಿ. ಬೆರಳ ಸೈತ ಹಾಯಬಾರದು." ಕಾಕಾ ಬಟ್ಟಲನ್ನು ಅಂಗಿಯ ತುದಿಯಿಂದ ಒರೆಸಿ ಅವಳ ಕೈಗೆ ಕೊಟ್ಟರು. ಒತ್ತೊತ್ತಾಗಿ ಸರಳು ಕೂಡಿಸಿ ಹೋದರು.

ಮರುದಿನ ಪಕ್ಕದ ಮನೆಯಾಕೆ ಎಂದಿನಂತೆ ಸರಳಿಲ್ಲದ ತನ್ನ ಕಿಟಕಿಯಿಂದ ಎಣಗಾಯಿಯ ಬಟ್ಟಲು ಚಾಚಿದಳು. ಅದು ನಮ್ಮ ಸರಳಿಗೆ ತಾಗಿ ನಿಂತಿತು; ಓರೆ ಮಾಡಿದಾಗ ಎಣ್ಣೆ ಚೆಲ್ಲಿತು. "ಇರ್ಲಿ ಬಿಡ್ರಿ" ಎಂದು ಕೈ ಹಿಂದೆಗೆದುಕೊಂಡಳು. ಮುಂಬಾಗಿಲಿಗೆ ಸುತ್ತಿ ಬರಲಿಲ್ಲ. ನಾವೂ ಹೋಗಲಿಲ್ಲ.

ಆರು ತಿಂಗಳು ಆ ಕಿಟಕಿ ನೋಡಿ ನೋಡಿ ಸಾಕಾಗಿ, ಒಂದು ಸರಳು ಕತ್ತರಿಸಲು ಕಾಕಾನಿಗೇ ಹೇಳಿಕಳಿಸಿದೆ. ಈ ಸಲ ಅವರು ಕೇಳುವ ಮೊದಲೇ ನಾನೇ ಬಟ್ಟಲು ತಂದುಕೊಟ್ಟೆ. ಅದು ಸಲೀಸಾಗಿ ಹಾಯಿತು. ಕಾಕಾ ಮಾತ್ರ ಹಾಯಿಸಿದ ಕೈಯನ್ನು ಹಾಗೇ ಹೊರಗಿಟ್ಟುಕೊಂಡು ಎದುರಿಗಿದ್ದ ಪಕ್ಕದ ಮನೆಯಾಕೆಯ ಕಿಟಕಿ ನೋಡುತ್ತ ನಿಂತರು.

"ನಿನ್ನೆ ಅವ್ರೂ ಸರಳ ಕೂಡಸಾಕ ಹೇಳ್ಯಾರ್ರಿ," ಎಂದರು. "ಬಟ್ಟಲಾ ಕೇಳಿದ್ನಿ. ಬ್ಯಾಡ, ಬಾಜೂದವ್ರ ಕಿಡಕಿ ಇದ್ದಂಗ ಮಾಡ್ರಿ ಅಂದ್ರು."