ನಲವತ್ತೊಂದು ಸೀಟುಗಳ ಗುಟ್ಟು

ಆ ಸಭಾಂಗಣದಲ್ಲಿ ಇದ್ದದ್ದು ಒಟ್ಟು ನೂರ ಎಂಬತ್ತು ಸೀಟು. ಟಿಕೆಟ್ ಅಕ್ಕನಿಗೆ ಅಷ್ಟೂ ಸೀಟುಗಳ ಜಾತಕ ಗೊತ್ತಿತ್ತು. ಯಾವುದು ಕಿರುಗುಟ್ಟುತ್ತದೆ, ಯಾವುದರಲ್ಲಿ ಕೂತರೆ ಫ್ಯಾನಿನ ಗಾಳಿ ನೆತ್ತಿಗೇ ಹೊಡೆಯುತ್ತದೆ, ಎಲ್ಲಿಂದ ಕಂಬ ಅಡ್ಡ ಬಂದು ಹಾಡುವವರ ಅರ್ಧ ಮುಖ ಮಾತ್ರ ಕಾಣುತ್ತದೆ, ಎಲ್ಲ ಬಾಯಿಪಾಠ. ಕಂಬದ ಹಿಂದಿನ ಆ ಸೀಟನ್ನು ಅವಳು ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರಿಗೂ ಮಾರಿರಲಿಲ್ಲ. ಹಾಲ್ ತುಂಬಿ ತುಳುಕಿದ ದಿನವೂ "ಅದು ಮುರಿದಿದೆ" ಎಂದು ಸುಳ್ಳು ಹೇಳಿಬಿಡುತ್ತಿದ್ದಳು. ದುಡ್ಡು ಕೊಟ್ಟು ಕಂಬ ನೋಡಿಕೊಂಡು ಹೋಗಲು ಜನರಿಗೇನು ಹುಚ್ಚೇ?

ಅವಳ ರಾಜ್ಯವೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಳಗೆ ಸ್ಟೂಲು, ಗೋಡೆಗೆ ಅಂಟಿಸಿದ ರಟ್ಟಿನ ನಕ್ಷೆ, ಒಂದು ಕೆಂಪು ಪೆನ್ಸಿಲ್, ಎದುರಿಗೆ ಅಂಗೈಯಗಲದ ಕಿಟಕಿ. ಬಂದವರು ಇಂಥದೇ ಸೀಟು ಬೇಕೆಂದು ಕೇಳುತ್ತಿರಲಿಲ್ಲ, ಅವಳೇ ನೋಡಿ ಕೊಡುತ್ತಿದ್ದಳು. ಮುಖ ನೋಡಿ ಮಣೆ ಹಾಕುತ್ತಾಳೆ ಎಂದು ಆಡಿಕೊಳ್ಳುವವರು ಆಡಿಕೊಂಡರು. ಹಾಕುತ್ತಿದ್ದಳು, ಸುಳ್ಳೇಕೆ? ಆದರೆ ಆ ಮಣೆ ಸಿಕ್ಕುತ್ತಿದ್ದದ್ದು ದೊಡ್ಡ ಮನುಷ್ಯರಿಗಲ್ಲ, ಮೈಯಲ್ಲಿ ಏನೋ ತೊಂದರೆ ಇಟ್ಟುಕೊಂಡು ಬಂದವರಿಗೆ.

ಪಕ್ಕದ ಬೀದಿಯ ದರ್ಜಿ ಹೆಂಗಸಿಗೆ ಎಡಗಾಲಿನ ಮಂಡಿ ಮಡಚುತ್ತಿರಲಿಲ್ಲ. ಅವಳಿಗೆ ನಾಲ್ಕನೇ ಸಾಲಿನ ಎಡತುದಿ. ನಿವೃತ್ತರಾದ ಭೂಗೋಳದ ಮೇಷ್ಟ್ರಿಗೆ ಬಾಗಿಲ ಪಕ್ಕದ ಸೀಟು. ಮೂರು ತಲೆಮಾರಿನ ಮಕ್ಕಳನ್ನು ಗದರಿಸಿಯೇ ಬೆಳೆಸಿದ ಗತ್ತಿನ ಮನುಷ್ಯ ಅವರು. ಒಂದು ಮಧ್ಯಾಹ್ನ ಯಾರೂ ಇಲ್ಲದ್ದನ್ನು ನೋಡಿಕೊಂಡು ಕಿಟಕಿಗೆ ಬಾಯಿ ಹತ್ತಿರ ತಂದು, "ನೋಡಮ್ಮ, ಆಪರೇಷನ್ ಆದಮೇಲೆ ಅರ್ಧ ಗಂಟೆಗೊಮ್ಮೆ ಏಳಲೇಬೇಕು, ತಡೆಯೋಕಾಗಲ್ಲ. ಮನೇಲಿ ಸೊಸೆಗೂ ಹೇಳಿಲ್ಲ ನಾನು" ಎಂದಿದ್ದರು. ಅಕ್ಕ ತಲೆಯೆತ್ತದೆ ಟಿಕೆಟ್ ಹರಿದು ಕೊಟ್ಟಿದ್ದಳು. ಆಮೇಲೆ ಒಂಬತ್ತು ವರ್ಷ ಆ ಸೀಟು ಅವರದೇ.

ಈಗ ತಮ್ಮನ ವಿಷಯಕ್ಕೆ ಬರೋಣ. ಅಮ್ಮ ತೀರಿಕೊಂಡಾಗ ಅವನಿಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಉಣ್ಣಿಸಿದವಳು ಅವಳು, ಓದಿಸಿದವಳು ಅವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಅವಳು. ಎರಡು ವರ್ಷದ ಹಿಂದೆ ಸಭಾಂಗಣದ ಮ್ಯಾನೇಜರ್ ಬಿಟ್ಟುಹೋದಾಗ ಯಜಮಾನರ ಮುಂದೆ ನಿಂತು, "ನನ್ನ ಮಾತಿನ ಮೇಲೆ ಇವನನ್ನ ತಗೊಳ್ಳಿ" ಎಂದು ಕೆಲಸ ಕೊಡಿಸಿದವಳೂ ಅವಳೇ.

ಆ ತಮ್ಮ ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಗೂಡಿನೊಳಗೆ ತೂರಿಕೊಂಡ.

"ಅಕ್ಕ, ಮುಂದಿನ ತಿಂಗಳಿಂದ ಟಿಕೆಟ್ ಆನ್‌ಲೈನಲ್ಲಿ ಮಾರ್ತೀವಿ. ಜನ ಬಿಸಿಲಲ್ಲಿ ಕ್ಯೂ ನಿಲ್ಲೋದು ತಪ್ಪುತ್ತೆ. ನಿನ್ನ ಕಿಟಕಿ ಇದ್ದೇ ಇರುತ್ತೆ, ಗಾಬರಿ ಆಗ್ಬೇಡ."

"ಕಿಟಕಿ ಹಾಳಾಗ್ಲಿ. ನನ್ನ ಜನದ ಸೀಟು?"

"ಅದಕ್ಕೇ ಬಂದಿದ್ದು. ಯಾರಿಗೆ ಯಾವ ಸೀಟು, ಯಾಕೆ ಬೇಕು ಅಂತ ಬರೆದುಕೊಡು. ಅಷ್ಟಕ್ಕೂ ಬೀಗ ಹಾಕಿ ಇಡ್ತೀನಿ, ಬೇರೆಯವರು ಮುಟ್ಟೋಕಾಗಲ್ಲ."

"ಯಾಕೆ ಅಂತಾನೂ ಬರೀಬೇಕಾ? ಅದು ಅವರವರ ಮೈಯಿನ ವಿಷಯ ಕಣೋ."

"ಕಾರಣ ಇಲ್ದೆ ಯಜಮಾನ್ರು ಒಪ್ತಾರಾ? ನಾನೊಬ್ಬನೇ ನೋಡೋದು. ನಿನ್ನಾಣೆ."

ಯಜಮಾನರು ಒಪ್ಪಬೇಕೆಂದರೆ ಯಜಮಾನರೂ ನೋಡಬೇಕಲ್ಲ, ಅಷ್ಟು ಸಣ್ಣ ವಿಷಯ ಅವಳಿಗೆ ಹೊಳೆಯಲಿಲ್ಲ. ಎತ್ತಿ ಆಡಿಸಿದ ಹುಡುಗನನ್ನು ಪಾಟೀಸವಾಲು ಮಾಡುವ ಬುದ್ಧಿ ಯಾರಿಗಾದರೂ ಹೇಗೆ ಬರಬೇಕು? ಮೂರು ಮಧ್ಯಾಹ್ನ ಕೂತು ದುಂಡಗಿನ ಅಕ್ಷರದಲ್ಲಿ ಬರೆದಳು. ನಲವತ್ತೊಂದು ಸೀಟು, ನಲವತ್ತೊಂದು ಕಾರಣ. ಬರೆದು ಸುಮ್ಮನಾದಳೇ? ಅದೂ ಇಲ್ಲ. ಬಂದಬಂದವರಿಗೆಲ್ಲ, "ಫೋನಲ್ಲಿ ಹೆಸರು ಸೇರಿಸಿಬಿಡಿ, ನಿಮ್ಮ ಸೀಟು ನಿಮಗೇ, ನಾನಿದ್ದೀನಲ್ಲ" ಎಂದು ತಾನೇ ಹೊಣೆ ನಿಂತಳು. ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿ, "ಅದಕ್ಕೆ ನಾನು ಯಾರು ಅಂತ ಹೇಗಮ್ಮ ಗೊತ್ತಾಗುತ್ತೆ?" ಎಂದರು. "ಎಲ್ಲಾ ನಾನು ಹೇಳಿಕೊಟ್ಟಿದ್ದೀನಿ ಮೇಷ್ಟ್ರೇ" ಎಂದು ಹೆಮ್ಮೆಯಿಂದ ನಕ್ಕಳು.

ಮಾರಾಟ ಶುರುವಾದದ್ದು ಒಂದು ಸೋಮವಾರ ಬೆಳಗ್ಗೆ ಹತ್ತಕ್ಕೆ. ಹತ್ತೂಕಾಲಿಗೆ ದರ್ಜಿ ಹೆಂಗಸು ಕುಂಟುತ್ತಾ ಬಂದು ಫೋನನ್ನು ಕಿಟಕಿಯೊಳಗೆ ತಳ್ಳಿದಳು. ಪರದೆಯ ಮೇಲೆ ಇಡೀ ಹಾಲಿನ ನಕ್ಷೆ ಇತ್ತು. ಎಲ್ಲ ಸೀಟೂ ನೀಲಿ, ನಲವತ್ತೊಂದು ಮಾತ್ರ ಚಿನ್ನದ ಬಣ್ಣ. ಚಿನ್ನದ್ದಕ್ಕೆ ಎರಡರಷ್ಟು ದರ. ನಾಲ್ಕನೇ ಸಾಲಿನ ಎಡತುದಿಯನ್ನು ಮುಟ್ಟಿದರೆ ಒಂದು ಸಾಲು ಮೂಡುತ್ತಿತ್ತು: "ಕಾಲು ಚಾಚಲು ಧಾರಾಳ ಜಾಗ." ಬಾಗಿಲ ಪಕ್ಕದ್ದನ್ನು ಮುಟ್ಟಿದರೆ, "ಬೇಕೆಂದಾಗ ಎದ್ದು ಹೋಗಲು ಅನುಕೂಲ, ತಡೆದುಕೊಳ್ಳುವ ಕಷ್ಟವಿಲ್ಲ." ಎಲ್ಲ ಅಕ್ಕನೇ ಬರೆದ ಮಾತು. ಹೆಸರು ಅಳಿಸಿ ಮಿಕ್ಕಿದ್ದನ್ನು ಹಾಗೇ ಅಂಗಡಿಯಲ್ಲಿ ಹರವಿದ್ದರು. ಕಂಬದ ಹಿಂದಿನ ಸೀಟೂ ಮಾರಾಟಕ್ಕಿತ್ತು, "ಏಕಾಂತದ ಮೂಲೆ" ಎಂಬ ಬಿರುದು ಹೊತ್ತುಕೊಂಡು.

"ನಿಂಗೆಷ್ಟು ಕೊಟ್ರು ಅಕ್ಕ, ಇದನ್ನೆಲ್ಲ ಬರೆದುಕೊಟ್ಟಿದ್ದಕ್ಕೆ?" ದರ್ಜಿ ಹೆಂಗಸು ಕೇಳಿದಳು. ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿದುಕೊಳ್ಳುವವಳ ಹಾಗೆ. ಅಕ್ಕ ಫೋನನ್ನು ಅವಳ ಕೈಗಿಟ್ಟು ಸ್ಟೂಲಿನಿಂದ ಎದ್ದಳು.

ಮೆಟ್ಟಿಲು ಹತ್ತಿ ತಮ್ಮನ ಕೋಣೆಗೆ ಹೋದಳು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕೂಗಾಡ್ಬೇಡ ಅಕ್ಕ. ಎಲ್ಲಾ ಕಡೆ ಹೀಗೇ. ಯಾವ ಸೀಟು ಇಲ್ದಿದ್ರೆ ಜನಕ್ಕೆ ಆಗಲ್ವೋ ಅದಕ್ಕೆ ರೇಟು ಜಾಸ್ತಿ."

"ಆಗಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ನೀನೇ ಬರೆದುಕೊಟ್ಟಿದ್ದಲ್ವಾ."

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. "ಪಟ್ಟೀನ ಯಜಮಾನ್ರಿಗೆ ತೋರಿಸ್ದ್ಯಾ?"

"ತೋರಿಸ್ದೆ. ಮೂಗು ಹಿಡಿದ್ರೆ ಬಾಯಿ ತಾನಾಗೇ ತೆರೆಯುತ್ತೆ, ಒಳ್ಳೇ ಕೆಲಸ ಮಾಡಿದ್ದಾಳೆ ನಿಮ್ಮಕ್ಕ ಅಂದ್ರು. ನಿನ್ನ ತುಂಬಾ ಹೊಗಳಿದ್ರು."

"ನನ್ನಾಣೆ ಹಾಕಿದ್ದೆ ಕಣೋ ನೀನು."

"ಅಯ್ಯೋ, ಚಿಕ್ಕ ಮಕ್ಕಳ ಥರ ಆಣೆ ಗೀಣೆ ಅಂದ್ಕೊಂಡು. ಕೂತ್ಕೋ, ನೀರು ಕುಡಿ."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎನ್ನುತ್ತಾರೆ. ಅಕ್ಕನಿಗೆ ಉರಿದದ್ದು ಅಷ್ಟೇ ಆಗಿದ್ದರೆ ಅತ್ತು ಹಗುರಾಗುತ್ತಿದ್ದಳು. ತಮ್ಮ ಮೋಸ ಮಾಡಿದ್ದು ಅವಳ ಕೈಬರಹದಲ್ಲಿ. ಊರ ಕಣ್ಣಿಗೆ ಬೇಲಿ ಅವಳೇ, ಮೇಯ್ದವಳೂ ಅವಳೇ. ಅವನು ಕೊಟ್ಟ ನೀರು ಮುಟ್ಟದೆ ಕೆಳಗಿಳಿದಳು.

ಶನಿವಾರ ಸಂಜೆ ಆರಕ್ಕೆ ಗಾಯನ. ಐದೂವರೆಗೆ ಭೂಗೋಳದ ಮೇಷ್ಟ್ರು ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು ತೊಟ್ಟು, ಕೈಚೀಲ ಹಿಡಿದು ಕಿಟಕಿಗೆ ಬಂದರು. ಹಿಂದೆ ಏಳೆಂಟು ಜನ ನಿಂತಿದ್ದರು.

"ಒಂದು ಟಿಕೆಟ್. ಐದನೇ ಸಾಲು, ಮಧ್ಯದ್ದು."

"ಮೇಷ್ಟ್ರೇ, ಬಾಗಿಲ ಪಕ್ಕದ್ದು ಇನ್ನೂ ಖಾಲಿ ಇದೆ. ಹೆಚ್ಚಿನದ್ದು ನಾನು ಹಾಕ್ತೀನಿ, ದಯವಿಟ್ಟು..."

"ಯಾಕೆ?" ಮೇಷ್ಟ್ರು ಪಾಠ ಹೇಳುವ ದನಿ ತೆಗೆದರು. "ನನಗೇನಾಗಿದೆ? ನೀವು ಯಾರನ್ನೋ ನೆನೆಸಿಕೊಂಡು ಮಾತಾಡ್ತಿದ್ದೀರಿ. ಮಧ್ಯದ್ದೇ ಕೊಡಿ."

ಅವಳು ಕೊಟ್ಟಳು. ಕೊಡದೆ ಏನು ಮಾಡಿಯಾಳು?

ಹಾಡು ಶುರುವಾಯಿತು. ಗೂಡಿನಿಂದ ಹಾಲಿನ ಬಾಗಿಲು ಕಾಣುತ್ತದೆ. ಆರೂವರೆಗೆ ಅಕ್ಕ ಬಾಗಿಲು ನೋಡಿದಳು, ಯಾರೂ ಬರಲಿಲ್ಲ. ಏಳಕ್ಕೆ ನೋಡಿದಳು. ಏಳು ಜನರ ಮಂಡಿ ದಾಟಿಕೊಂಡು, ಎಲ್ಲರೂ ಓದಿದ ಆ ಸಾಲಿಗೆ ತಾನೇ ಸಾಕ್ಷಿಯಾಗಿ ಆ ಮನುಷ್ಯ ಎದ್ದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನೋಡುತ್ತಲೇ ಇದ್ದಳು.

ಏಳೂಕಾಲಿಗೆ ವಿರಾಮ ಬಿಟ್ಟರು. ಜನ ಹರಟುತ್ತಾ ಹೊರಗೆ ಬಂದರು. ಎಲ್ಲರೂ ಬಂದಾದ ಮೇಲೆ ಮೇಷ್ಟ್ರು ಬಂದರು, ಕೈಚೀಲವನ್ನು ಎರಡೂ ಕೈಯಲ್ಲಿ ತೊಡೆಗೆ ಅಡ್ಡ ಹಿಡಿದುಕೊಂಡು, ಗೋಡೆಗೆ ಬೆನ್ನು ಸವರಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ. ಕಿಟಕಿಯ ಮುಂದೆಯೇ ಹಾದು ಬೀದಿಯ ಕಡೆ ನಡೆದರು. "ಮೇಷ್ಟ್ರೇ" ಎಂದು ಅಕ್ಕನ ಬಾಯಿಗೆ ಬಂತು. ಕರೆಯಲಿಲ್ಲ. ಕರೆದಿದ್ದರೆ ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.