ಸಾಬೂನು ಒರೆಸದ ಮೂರು ಕನ್ನಡಿಗಳು

ಬೆಳಗಿನ ಐದೂಮುಕ್ಕಾಲು. ಪಣಜಿಯ ಹಳೆಯ ಕಟ್ಟಡವೊಂದರ ಮೊದಲ ಮಹಡಿಯ ಜಿಮ್‌ನಲ್ಲಿ ದೀಪಗಳು ಒಂದೊಂದಾಗಿ ಹತ್ತುತ್ತವೆ. ಭಾಗವ್ವ ಸೆರಗು ಸಿಕ್ಕಿಸಿ, ಹಳೆಯ ಮರಾಠಿ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿಕೊಂಡು ಕನ್ನಡಿ ಉಜ್ಜತೊಡಗುತ್ತಾರೆ. ಎದುರು ಗೋಡೆಯ ಹತ್ತು, ಹಿಂದಿನ ಗೋಡೆಯ ಒಂಬತ್ತು ಥಳಥಳಿಸುತ್ತವೆ. ಬಲಗೋಡೆಯ ಮೂರಕ್ಕೆ ಮಾತ್ರ ಸಾಬೂನು ನೀರು ದಪ್ಪಗೆ ಬಳಿದು ಹಾಗೇ ಬಿಡುತ್ತಾರೆ. ಅದು ಒಣಗಿ ಬಿಳಿ ಪೊರೆಯಾಗುತ್ತದೆ. ಇದು ಮರೆವಲ್ಲ. ಒಂಬತ್ತು ಗಂಟೆಯವರೆಗೆ ಆ ಮೂರರಲ್ಲಿ ಯಾರಿಗೂ ಏನೂ ಕಾಣಬಾರದು.

ಎಂಟು ತಿಂಗಳ ಮೇಲೆ ಇವತ್ತು ಹಳೆಯ ಸದಸ್ಯ ಆನಂದತೀರ್ಥ ಜಿಮ್‌ಗೆ ಮರಳುತ್ತಿದ್ದಾರೆಂದು ತರಬೇತುದಾರ ಕೇದಾರ ನಿನ್ನೆ ತಿಳಿಸಿದ್ದಾನೆ. ಅವರಿಗೆ ಭಾಗವ್ವ ಒಂದು ಮಾತು ಹೇಳಬೇಕಾಗಿದೆ.

"ಹೇಳಿದ್ರ ಕೆಲಸಾ ಹೋಗಬಹುದ್ರಿ. ಹೇಳದಿದ್ರ ತುತ್ತು ಗಂಟಲಾಗ ಇಳಿಯಂಗಿಲ್ಲ" ಎನ್ನುತ್ತಾರೆ.

ಭಾಗವ್ವ ಬಿಜಾಪುರ ಕಡೆಯವರು. ಗಂಡ ಮಲಕಪ್ಪನ ಜೊತೆ ಗೋವಾಕ್ಕೆ ಬಂದು ಹದಿನೆಂಟು ವರ್ಷವಾಯಿತು. ಮೊದಲ ಹನ್ನೊಂದು ವರ್ಷ ಕಟ್ಟಡಗಳ ಮೇಲೆ ಕಾಂಕ್ರೀಟ್ ಹೊತ್ತರು. ಒಂದು ಬುಟ್ಟಿ ಇಪ್ಪತ್ತು ಕಿಲೋಗೆ ಕಡಿಮೆಯಿಲ್ಲ, ಸ್ಲ್ಯಾಬ್ ಹಾಕುವ ದಿನ ಇನ್ನೂರು ಸಲ ಹತ್ತಬೇಕು. ಮೊಣಕಾಲು ಕೈಕೊಟ್ಟ ಮೇಲೆ ಈ ಕೆಲಸ. ಆರಡಿಗೆ ನಾಲ್ಕಡಿಯ ಇಪ್ಪತ್ತೆರಡು ಕನ್ನಡಿ, ದಿನಕ್ಕೆರಡು ಸಲ. ಲೆಕ್ಕ ಹಾಕಿದರೆ ಸಾವಿರ ಚದರ ಅಡಿ ದಾಟುತ್ತದೆ.

ಜಿಮ್‌ಗೆ ಕಾಲಿಟ್ಟ ಮೊದಲ ದಿನವನ್ನು ಅವರು ಮರೆತಿಲ್ಲ. ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಕುಂಕುಮಕ್ಕೆ ಅದೇ ಸಾಕಾಗಿತ್ತು. ಇಲ್ಲಿ ಎದುರುಬದುರು ಗೋಡೆಗಳ ನಡುವೆ ನಿಂತಾಗ ತನ್ನ ಹಿಂಬದಿ ತನಗೇ ಕಂಡಿತು. ನಡುನೆತ್ತಿಯಲ್ಲಿ, ಬುಟ್ಟಿಯಡಿಯ ಬಟ್ಟೆಯ ಸಿಂಬಿ ಕೂರುತ್ತಿದ್ದ ಜಾಗದಲ್ಲಿ, ಹಪ್ಪಳದಷ್ಟಗಲ ಕೂದಲಿಲ್ಲ. ಬಕೆಟ್ ಕೈಜಾರಿ ಬಿತ್ತು.

"ಹನ್ನೊಂದು ವರ್ಷ ನನ್ನ ಹಿಂದ ಬುಟ್ಟಿ ಹೊತ್ತು ಬಂದವರೆಲ್ಲ ನೋಡ್ಯಾರ, ನಾ ಒಬ್ಬಾಕೀನ ನೋಡಿದ್ದಿಲ್ಲ. ಮನಿಗೆ ಹೋಗಿ ಗಂಡನ್ನ ಕೇಳಿದೆ, ಯಾಕ ಹೇಳಲಿಲ್ಲಂತ. 'ನಿನಗ ಗೊತ್ತೈತಿ ಅಂತ ತಿಳಿದಿದ್ದೆ' ಅಂದ."

ಸದಸ್ಯರನ್ನು ನೋಡಿ ನೋಡಿ ಅವರಿಗೆ ನಗುವೂ ಬರುತ್ತದೆ. "ರಟ್ಟಿ ಉಬ್ಬಸೂದು, ನೋಡೂದು. ಅಂಗಿ ಎತ್ತೂದು, ನೋಡೂದು. ಮದುವಿ ಹೆಣ್ಣೂ ಇಷ್ಟು ನೋಡಿಕೊಳ್ಳಂಗಿಲ್ಲ ಬಿಡ್ರಿ."

ಆದರೆ 2008ರ ಜೂನ್‌ನ ಆ ಬೆಳಗನ್ನು ನೆನೆದಾಗ ಈ ನಗು ನಿಲ್ಲುತ್ತದೆ. ಆನಂದತೀರ್ಥ ಧಾರವಾಡದವರು, ಪಣಜಿಯ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ನೆಲದ ಮೇಲಿನ ತೊಂಬತ್ತು ಕಿಲೋ ಭಾರವನ್ನು ಬಗ್ಗಿ ಎತ್ತುತ್ತಿದ್ದರು. ಎತ್ತುವಾಗ ಬೆನ್ನು ನೇರವಾಗಿದೆಯೇ ಎಂದು ಬಲಗೋಡೆಯ ಕನ್ನಡಿಯತ್ತ ಕುತ್ತಿಗೆ ತಿರುಗಿಸಿದರು. ಭಾಗವ್ವ ಒರೆಸುತ್ತಿದ್ದದ್ದು ಅದೇ ಕನ್ನಡಿಯನ್ನು. ತಾನು ಈಗಷ್ಟೇ ತೊಳೆದ ಗಾಜಿನೊಳಗೆ ಅವರ ಕಣ್ಣುಗಳು ಕಂಡವು, ಹೊರಳಿದ ಕುತ್ತಿಗೆ ಕಂಡಿತು. ಮರುಕ್ಷಣ ಕಬ್ಬಿಣ ನೆಲಕ್ಕಪ್ಪಳಿಸಿತು. ಆನಂದತೀರ್ಥ ಸದ್ದಿಲ್ಲದೆ ಕುಸಿದು ಕೂತರು, ಬಲಗೈ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿತ್ತು. ಕುತ್ತಿಗೆಯ ಎಲುಬುಗಳ ನಡುವಿನ ಮೆತ್ತೆ ಸರಿದು ನರವನ್ನು ಒತ್ತಿತ್ತು. ನಾಲ್ಕು ತಿಂಗಳು ಅವರಿಂದ ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ.

ಎದುರಿನ ಕನ್ನಡಿಗೆ ನೆಟ್ಟ ನೋಟ ಸಾಕು. ಪಕ್ಕದ ಕನ್ನಡಿ ಹಾಗಲ್ಲ, ಅದರಲ್ಲಿ ತನ್ನನ್ನು ಕಾಣಬೇಕಾದರೆ ಮುಖ ಅತ್ತ ತಿರುಗಲೇಬೇಕು. ತಿರುಗಿದೊಡನೆ, ಯಾವ ನೇರವನ್ನು ಪರೀಕ್ಷಿಸಲು ಹೊರಟಿದ್ದರೋ ಅದೇ ಕೆಡುತ್ತದೆ. ಕಟ್ಟಡದ ಕೆಲಸದಲ್ಲಿ ಹೆಂಗಸರು ಮೊದಲ ದಿನವೇ ಕಲಿಯುವ ಪಾಠವಿದು. ಭಾರ ಹೊತ್ತಾಗ ಯಾರು ಕರೆದರೂ ಕುತ್ತಿಗೆ ತಿರುಗಬಾರದು; ಪಾದ ತಿರುಗಬೇಕು, ಮೈಯೆಲ್ಲ ಅದರ ಹಿಂದೆ ಬರಬೇಕು.

ಮರುದಿನದಿಂದಲೇ ಭಾಗವ್ವ ಬಲಗೋಡೆಗೆ ಸಾಬೂನು ಬಳಿಯತೊಡಗಿದರು. ವಾರ ಕಳೆಯುವಷ್ಟರಲ್ಲಿ ದೂರು ಹೋಯಿತು. ಮಾಲೀಕ ದಿಗಂಬರ, ಕಾರವಾರದವರು, ರೇಗಿದರು: "ಮೆಂಬರುಗಳು ಸಾಬೂನು ನೋಡೋಕೆ ಬರ್ತಾರಾ ಮಾರಾಯ್ತಿ? ಒರೆಸೋಕೆ ಬೇಜಾರಾದ್ರೆ ನಾಳೆಯಿಂದ ಬರಬೇಡ."

ಭಾಗವ್ವ ಬಕೆಟ್‌ಗೆ ನೀರು ತುಂಬಿದರು. ಟವೆಲ್ ಸುತ್ತಿ ಸಿಂಬಿ ಮಾಡಿದರು, ತುಂಬಿದ ಬಕೆಟ್ ತಲೆಗೇರಿಸಿಕೊಂಡು ನಡೆದರು. "ಕೇದಾರಪ್ಪಾ, ಬಾಜೂಲಿಂದ ನನ್ನ ಕರಿ." ಅವನು ಮರಾಠಿಯಲ್ಲಿ, ಚಿಕ್ಕಮ್ಮ ಎನ್ನುವಂತೆ, "ಮಾವಶೀ!" ಎಂದು ಕೂಗಿದ. ಅವರು ಪಾದಗಳ ಮೇಲೆ ಇಡಿಯಾಗಿ ತಿರುಗಿದರು. ಒಂದು ಹನಿಯೂ ತುಳುಕಲಿಲ್ಲ. "ಈಗ ನೀ ಹೊರು."

ಬೆಳಗಾವಿಯ ಕೇದಾರನ ತೋಳು ಭಾಗವ್ವನ ತೊಡೆಯಷ್ಟಿದೆ. ಬಕೆಟ್ ಹೊತ್ತು ನಾಲ್ಕು ಹೆಜ್ಜೆ ಗತ್ತಿನಿಂದಲೇ ಹಾಕಿದ. "ಕೇದಾರಾ, ನಿಮ್ಮವ್ವನ ಫೋನ್!" ಎಂದು ಭಾಗವ್ವ ಪಕ್ಕದಿಂದ ಕೂಗಿದ್ದೇ ತಡ, ಕುತ್ತಿಗೆ ಹೊರಳಿತು, ನೀರು ಅವನ ಮೇಲೂ ಮಾಲೀಕರ ಬೂಟಿನ ಮೇಲೂ ಸುರಿಯಿತು. ಎಲ್ಲರೂ ನಕ್ಕರು. ದಿಗಂಬರ ಮಾತ್ರ ನಗದೆ ಬಲಗೋಡೆಯನ್ನೇ ದಿಟ್ಟಿಸುತ್ತ ನಿಂತುಬಿಟ್ಟರು. ಕೊನೆಗೆ "ಭಾರ ಎತ್ತೋರು ಹೋಗೋ ತನಕ, ಒಂಬತ್ತರವರೆಗೆ ಇರಲಿ" ಎಂದರು. ಭಾರ ಎತ್ತುವವರ ಬೆನ್ನು ಹೇಗಿದೆಯೆಂದು ಈಗ ಕೇದಾರ ಪಕ್ಕದಲ್ಲಿ ನಿಂತು ಹೇಳುತ್ತಾನೆ.

ಈ ಎಲ್ಲದರ ನಡುವೆ ಭಾಗವ್ವ ಯಾರಿಗೂ ಹೇಳದೆ ಉಳಿಸಿಕೊಂಡದ್ದು ಒಂದೇ. ಅದಕ್ಕೆ ಇವತ್ತು ಬಾಯಿ ಬರಬೇಕು.

ಆರೂವರೆಗೆ ಆನಂದತೀರ್ಥ ಬರುತ್ತಾರೆ. ಮೈ ಇಳಿದುಹೋಗಿದೆ. ಅವರು ಬೂಟಿನ ದಾರ ಬಿಗಿಯುವವರೆಗೆ ಕಾದು ಭಾಗವ್ವ ಎದುರು ನಿಲ್ಲುತ್ತಾರೆ.

"ಸಾಹೇಬ್ರ, ಅವತ್ತ ನಾ ನೋಡಿದ್ದೆ. ನಿಮ್ಮ ಕುತ್ತಿಗಿ ತಿರುಗಿದ್ದು ಕಂಡಿತ್ತು. ಕೂಗಬೇಕಂತ ಬಾಯಿ ತೆಗದೆ. ಕೂಗಲಿಲ್ಲ."

ಆನಂದತೀರ್ಥರ ಮುಖದಲ್ಲಿ ರಕ್ತವೇ ಇಲ್ಲ.

"ನೀ... ಕನ್ನಡದಾಕಿ ಏನು?"

"ಹೌದ್ರಿ. ನೀವು ನಿಮ್ಮ ತಾಯಿ ಕೂಡ ಫೋನಿನ್ಯಾಗ ಮಾತಾಡೂದು ದಿನಾ ಕೇಳ್ತಿದ್ದೆ."

"ಕನ್ನಡದಾಕಿ ಅಂತ ಗೊತ್ತೇ ಇರಲಿಲ್ಲ ನನಗ. ನೋಡಿದ್ದಿ ಅಂದಮ್ಯಾಲೆ ಯಾಕ ಕೂಗಲಿಲ್ಲ?" ಅವರು ಎದ್ದು ನಿಲ್ಲುತ್ತಾರೆ. "ಖರೇ ಹೇಳು, ಯಾಕ?"

"ಎರಡು ವರ್ಷ ಒಂದ ಕನ್ನಡ್ಯಾಗ ನೀವೂ ಇದ್ರಿ, ನಾನೂ ಇದ್ದೆ. ಒಂದಿನಾರ ಮಾತಾಡಿಸಿದ್ರ ಕೂಗ್ತಿದ್ದೆ. ಕಸಾ ಹೊಡಿಯಾಕಿ ಸಾಹೇಬರಿಗೆ ಏನಂತ ಕೂಗಲಿ ಅಂತ ನುಂಗಿಬಿಟ್ಟೆ. ತಪ್ಪು ನಂದ."

ಅವರು ಬೆಂಚಿನ ಮೇಲೆ ಕೂತುಬಿಡುತ್ತಾರೆ. ಬಲಗೈಯ ಬೆರಳುಗಳನ್ನು ಮಡಚುತ್ತಾರೆ, ಬಿಡಿಸುತ್ತಾರೆ. ಕೇದಾರ ಹತ್ತಿರ ಬರಹೋಗಿ ಅಲ್ಲೇ ನಿಲ್ಲುತ್ತಾನೆ. ಆನಂದತೀರ್ಥ ತಲೆಯೆತ್ತುತ್ತಾರೆ.

"ಹೆಸರೇನವ್ವಾ ನಿಂದು?"

"ಭಾಗವ್ವರಿ."

"ನಾನು ಆನಂದ. ಸಾಹೇಬ ಅನಬ್ಯಾಡ." ಎದ್ದು ಹೋಗಿ ತೂಕದ ಬಿಲ್ಲೆಗಳಿಲ್ಲದ ಬರೀ ಸರಳಿನ ಮುಂದೆ ನಿಲ್ಲುತ್ತಾರೆ. "ತಪ್ಪಿದ್ರ ಕೂಗು."

ಬಗ್ಗುತ್ತಾರೆ. ಗದ್ದ ಕೂದಲೆಳೆಯಷ್ಟು ಬಲಕ್ಕೆ ವಾಲುತ್ತದೆ.

"ಆನಂದಣ್ಣಾ, ಮುಂದ ನೋಡ್ರೀ!"

ಓಡುವ ಯಂತ್ರಗಳ ಮೇಲಿದ್ದವರು ಬೆಚ್ಚುತ್ತಾರೆ. ಕೇದಾರ ಕಿವಿ ಉಜ್ಜಿಕೊಳ್ಳುತ್ತಾನೆ: "ಏ ಮಾವಶೀ, ಇಷ್ಟು ಜೋರ ದನಿ ಎಲ್ಲಿಟ್ಟಿದ್ದಿ?"

ಭಾಗವ್ವ ಹೊಸ ಹಾಳೆಯೊಂದನ್ನು ಮುದ್ದೆ ಮಾಡುತ್ತಾರೆ. "ಇದೇನು ಜೋರು? ಐದನೇ ಮಾಳಿಗಿ ಮ್ಯಾಲಿಂದ ಕೆಳಗಿನವರಿಗೆ ಕೂಗಿದಾಕಿ ನಾ."