ಕಲಿಸುವ ಡಾಕ್ಟರು

ಡಾಕ್ಟರ್ ಗಂಗಾಬಾಯಿಯವರ ಮುಂದೆ ಕೂತ ಹೆಂಗಸರು ಮೊದಲು ನಾಲಿಗೆ ಚಾಚುತ್ತಿದ್ದರು. ಕೆಲವರು ಕೇಳುವ ಮೊದಲೇ ನಾಡಿ ನೋಡಲೆಂದು ಕೈ ಚಾಚುತ್ತಿದ್ದರು.

“ನಾ ಮದ್ದಿನ ಡಾಕ್ಟರ್ ಅಲ್ಲವ್ವಾ, ಕಲಿಸೋ ಡಾಕ್ಟರ್. ಜ್ವರಕ್ಕ ದವಾಖಾನಿಗೆ ಹೋಗ್ರಿ. ಓದ್ಲಾಕ ಕಲೀಬೇಕಂದ್ರ ಇಲ್ಲೇ ಕೂಡ್ರಿ” ಎನ್ನುತ್ತಿದ್ದರು.

ಮುಂಬೈಯಲ್ಲಿ ಹಳೆಯ ಶಾಸನಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದು, ತವರೂರು ಆಳಂದಕ್ಕೆ ಮರಳಿದ್ದ ವಿಧವೆ ಅವರು. ಬಾಗಿಲ ಮೇಲೆ ‘ಡಾಕ್ಟರ್ ಗಂಗಾಬಾಯಿ’ ಎಂಬ ಹಲಗೆ ತೂಗುಹಾಕಿದ್ದರು. ನೆಗಡಿ ತೋರಿಸಲು ಹೋದ ನಮ್ಮವ್ವ ಅಲ್ಲೇ ಕೂತು ಅಕ್ಷರ ತಿದ್ದತೊಡಗಿದಳು, ಪಕ್ಕದಲ್ಲಿ ನಾನು. ಅದು ನಿಜಾಮರ ಆಳ್ವಿಕೆಯ ಕಾಲ. ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಕಲಿಸಲು ಪರವಾನಗಿ ಬೇಕಿತ್ತು. ಗಂಗಾಬಾಯಿ ಕೇಳಿದ್ದರು, ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನರು ಪೇದೆಗಳೊಂದಿಗೆ ಬಂದರು.

“ದವಾ ಇಲ್ಲ, ಸೂಜಿ ಇಲ್ಲ. ಡಾಕ್ಟರ್ ಅಂತ ಮಂದಿಗೆ ಧೋಕಾ ಕೊಡ್ತೀರೇನು? ಬೋರ್ಡ್ ಇಳಿಸ್ರಿ.”

ಬಾಯಿ ಎದ್ದು ನಿಂತರು. “ಡಾಕ್ಟರ್ ಅನ್ನೋದು ಲ್ಯಾಟಿನ್ ಮಾತು, ಸಾಹೇಬ್ರ. ‘ದೊಕೇರೆ’ ಅಂದ್ರ ಕಲಿಸೋದು. ಯುರೋಪಿನ ಹಳೇ ವಿದ್ಯಾಪೀಠದಾಗ ಕಲಿಸೋ ಹಕ್ಕು ಗಳಿಸಿದವರಿಗೆ ಈ ಹೆಸರು. ವೈದ್ಯರಿಗೆ ರೂಢಿ ಆಗಿದ್ದು ಆಮ್ಯಾಲ.”

ಅಮೀನರು ನಕ್ಕರು. “ಅಂದ್ರ ನೀವು ಕಲಿಸ್ಲಾಕತ್ತೀರಿ. ಪರವಾನಗಿ ಎಲ್ಲದ?”

ಅವ್ವ ಧೈರ್ಯ ಮಾಡಿ, “ನಾವು ಸುಮ್ನ ಮಾತಾಡ್ಲಾಕ ಬಂದೀವ್ರಿ” ಅಂದಳು.

ಬಾಯಿ ಅವಳ ಹೆಗಲ ಮೇಲೆ ಕೈಯಿಟ್ಟರು. “ಸುಳ್ಳ್ಯಾಕ ಹೇಳ್ತೀಯವ್ವಾ? ಹೌದ್ರಿ ಸಾಹೇಬ್ರ, ಕಲಿಸ್ತೇನಿ. ನಾಳೆನೂ ಕಲಿಸ್ತೇನಿ. ಹಲಗಿ ಬೇಕಾದ್ರ ನೀವೇ ಇಳಿಸಿಕೊಳ್ರಿ. ನಾ ಇಳಿಸೂದಿಲ್ಲ.”

ಪೊಲೀಸನೊಬ್ಬ ಹಲಗೆಯನ್ನು ಕಿತ್ತು ಮುರಿದ. ಮರುದಿನವೂ ಪಾಠ ನಡೆಯಿತು. ಅದೇ ವಾರ ಬಾಯಿ ಊರು ಬಿಡಬೇಕೆಂದು ಹುಕುಂ ಬಂತು.

ಸೊಲ್ಲಾಪುರದ ಬಸ್ಸಿನ ಹತ್ತಿರ ಅವ್ವ ಅಳುತ್ತಿದ್ದಳು. ಗಂಗಾಬಾಯಿಯವರ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

“ಎಲ್ಲಿತನಕ ಕಲ್ತೀದಿ?”

“ಒತ್ತಕ್ಷರ ಇನ್ನಾ ಬರೂದಿಲ್ರಿ.”

“ನಿನಗ ಬರೋವಷ್ಟು ಕಲಿಸು. ಯಾರ ಅಪ್ಪಣೆನೂ ಕೇಳಬ್ಯಾಡ.”

ಅವರು ಮತ್ತೆ ಆಳಂದಕ್ಕೆ ಬರಲಿಲ್ಲ. ಎಲ್ಲಿದ್ದರೋ, ಹೇಗೆ ಹೋದರೋ ನಮಗೆ ತಿಳಿಯಲಿಲ್ಲ.

ಬಾಯಿ ಹೋದ ಮರುದಿನ ಊಟವಾದ ಮೇಲೆ ಅವ್ವ ಪಡಸಾಲೆ ಗುಡಿಸಿ ಚಾಪೆ ಹಾಸಿದಳು. ಓಣಿಯ ಹುಡುಗಿಯರು ಬಂದು ಕೂತರು. ಬಾಗಿಲು ಮುಚ್ಚಲು ನಾನೆದ್ದೆ.

“ತೆರೆದೇ ಇರಲಿ ಬಿಡು” ಅಂದಳು ಅವ್ವ. ಬೀದಿಗೆ ಕೇಳುವಂತೆ ‘ಅ’ ಎಂದಳು.